ನಾಲ್ಕು ಗಂಟೆಯ ಗ್ಲಾಸು

ಶುಕ್ರವಾರ, ನಾಲ್ಕನೇ ತಾರೀಖು
ಮಧ್ಯಾಹ್ನ, ಅಂಗಡಿಯಿಂದ

ಪ್ರೀತಿಯ ಹನ್ನೊಂದನೇ ಹಾಸಿಗೆಗೆ,

ಹನ್ನೆರಡನೇ ಹಾಸಿಗೆಯ ನೆನಪುಗಳು. ನಾಲ್ಕು ವಾರದಿಂದ ನೀನು ಫೋನು ಮಾಡಿದಾಗಲೆಲ್ಲ ನಾನು ಎತ್ತಲಿಲ್ಲ. ಆಮೇಲೆ ಮಾಡುತ್ತಾಳಂತೆ ಎಂದು ನಮ್ಮವರ ಬಾಯಲ್ಲಿ ಹೇಳಿಸಿದೆ, ಮಾಡಲಿಲ್ಲ. ಇಷ್ಟು ಹೊತ್ತಿಗೆ ನಿನಗೆ ಕೋಪ ಮೂಗಿನ ತುದಿಗೆ ಬಂದಿರುತ್ತದೆ. ಬರಲಿ. ಎಲ್ಲವನ್ನೂ ಈಗಲೇ ಮುಗಿಸಬೇಡ, ಕೊನೆಯ ಹಾಳೆಗೆ ಸ್ವಲ್ಪ ಉಳಿಸಿಕೋ.

ಸುದ್ದಿ ಮೊದಲೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಹೇಳಿದರೆ ನಿನಗೆ ಆಗುವುದಿಲ್ಲ. ನನಗೆ ಕ್ಯಾನ್ಸರ್ ಅಂತೆ. ದೊಡ್ಡ ಕರುಳಿನಲ್ಲಿ, ನಮ್ಮಿಬ್ಬರ ಹಳೆಯ ಕರುಳುಹುಣ್ಣಿನ ಕಾಯಿಲೆ ಇಪ್ಪತ್ತೆರಡು ವರ್ಷದಿಂದ ಸಂಸಾರ ಹೂಡಿರುವ ಜಾಗದಲ್ಲೇ. ಹದಿನೆಂಟಕ್ಕೆ, ಶುಕ್ರವಾರ ಬೆಳಗ್ಗೆ ಆಪರೇಷನ್. ದೊಡ್ಡ ಕರುಳನ್ನು ಪೂರ್ತಿ ತೆಗೆದು, ಹೊಟ್ಟೆಯ ಬಲಗಡೆ ಮಲ ಹೊರಬರಲು ಒಂದು ದಾರಿ ಮಾಡಿ, ಅದಕ್ಕೊಂದು ಚೀಲ ಅಂಟಿಸುತ್ತಾರೆ. ಹಿಂದಿನ ದಿನ ನೀನು ಬಂದು ನನ್ನ ಜೊತೆ ಇರಬೇಕು ಅಂತ ಆಸೆ. ಈ ಪತ್ರ ಪೂರ್ತಿ ಓದಿದ ಮೇಲೂ ಬರುತ್ತೀಯೋ ಇಲ್ಲವೋ ಅನ್ನುವುದೇ ಭಯ. ಆಪರೇಷನ್ನಿಗಿಂತ ನನಗೆ ಇದರ ಭಯವೇ ಹೆಚ್ಚು ಅಂದರೆ ನಗಬೇಡ.

ಗೊತ್ತಾದದ್ದು ಹೀಗೆ. ಕೆಲವು ತಿಂಗಳಿಂದ ನನ್ನ ಲಂಗಗಳ ಸೊಂಟ ಸಡಿಲವಾಗುತ್ತಿತ್ತು. ಒಂದು ಸಲ ಅರ್ಧ ಇಂಚು ಹಿಡಿದೆ, ಇನ್ನೊಂದು ಸಲ ಒಂದು ಇಂಚು. ಗಿರಾಕಿ ಯಾರಾದರೂ ಎರಡು ತಿಂಗಳಲ್ಲಿ ಎರಡು ಸಲ ಸೊಂಟ ಹಿಡಿಸಲು ಬಂದಿದ್ದರೆ, ಯಾಕ್ರೀ ಹುಷಾರಾಗಿದ್ದೀರಾ ಎಂದು ಕೇಳದೆ ಬಿಡುತ್ತಿದ್ದೆನೇ? ನನ್ನ ಬಟ್ಟೆಗೆ ಮಾತ್ರ ಬಾಯಿ ಮುಚ್ಚಿಕೊಂಡು ಹೊಲಿಗೆ ಹಾಕಿದೆ. ರಕ್ತ ಹೋಗುತ್ತಿತ್ತು. ಅದು ನಮಗೆ ಹೊಸದೇ? ಹಳೆಯ ನೆಂಟ ಬಂದಿದ್ದಾನೆ, ನಾಲ್ಕು ದಿನ ಇದ್ದು ಹೋಗುತ್ತಾನೆ ಎಂದು ಸುಮ್ಮನಿದ್ದೆ. ಆಮೇಲೆ ಒಂದು ಮಧ್ಯಾಹ್ನ ಮೇಜಿನ ಮೇಲೆ ಬಟ್ಟೆ ಹಾಸಿಕೊಂಡು ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದೆ. ಆ ಗೆರೆ ಬಟ್ಟೆ ದಾಟಿತು, ಮೇಜು ದಾಟಿತು, ಬಾಗಿಲ ಬಿಸಿಲಿನೊಳಗೆ ಹೋಗುತ್ತಲೇ ಇತ್ತು. ಎಷ್ಟು ಹಿತವಾಗಿತ್ತೆಂದರೆ ನಿಲ್ಲಿಸಲು ಮನಸ್ಸೇ ಬರಲಿಲ್ಲ. ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ, ನಮ್ಮವರು ಮುಖಕ್ಕೆ ನೀರು ಚಿಮುಕಿಸುತ್ತಿದ್ದರು.

ಕ್ಯಾಮೆರಾ ಪರೀಕ್ಷೆಯ ದಿನ ಸೂಜಿ ಚುಚ್ಚಿದ ಮೇಲೂ ನನಗೆ ಪೂರ್ತಿ ನಿದ್ದೆ ಹತ್ತಲಿಲ್ಲ. ಅರೆಗಣ್ಣಿಗೆ ಪರದೆ ಕಾಣುತ್ತಿತ್ತು. ಗುಲಾಬಿ ಬಣ್ಣದ ಓಣಿ, ಒಂದು ತಿರುವು, ಮತ್ತೆ ಓಣಿ, ಒದ್ದೆ ಗೋಡೆಗಳ ಮೇಲೆ ಜಾರುವ ಬೆಳಕು. ನನ್ನೊಳಗೇ ನಾನು ಬರಿಗಾಲಲ್ಲಿ ನಡೆಯುತ್ತಿದ್ದೇನೆ ಅನ್ನಿಸಿತು. ನೀನು ಮುಂದೆ ಹೋಗುತ್ತಿದ್ದೆ, ಆಸ್ಪತ್ರೆಯ ಆ ನೀಲಿ ನಿಲುವಂಗಿಯಲ್ಲಿ, ಬೆನ್ನ ಹಿಂದಿನ ದಾರ ಬಿಚ್ಚಿಕೊಂಡು. ಕಟ್ಟಿಕೊಳ್ಳೇ, ಮಾನ ಹೋಗುತ್ತೆ ಎಂದು ಕೂಗಿದೆ. ನೀನು ತಿರುಗಲಿಲ್ಲ. ಒಂದು ತಿರುವಿನಲ್ಲಿ ಡಾಕ್ಟರ ಕೈ ನಿಂತಿತು, ಕೋಣೆಯಲ್ಲಿ ನಡೆಯುತ್ತಿದ್ದ ಮಾತೂ ನಿಂತಿತು. ಯಾರೂ ಹೇಳದೆಯೇ ನನಗೆ ಗೊತ್ತಾಗಿಹೋಯಿತು. ಸ್ಕ್ಯಾನಿನಲ್ಲಿ ಬೇರೆ ಕಡೆ ಹರಡಿದಂತೆ ಕಾಣುವುದಿಲ್ಲವಂತೆ. ಉಳಿದದ್ದನ್ನು ಕರುಳು ತೆಗೆದು ನೋಡಿದ ಮೇಲೇ ಹೇಳಬೇಕಂತೆ.

ನಿನ್ನೆ ಚೀಲದ ನರ್ಸನ್ನು ನೋಡಿ ಬಂದೆ. ಹೌದು, ಅದಕ್ಕೆಂದೇ ಒಬ್ಬರಿದ್ದಾರೆ. ನನ್ನನ್ನು ಕೂರಿಸಿ, ನಿಲ್ಲಿಸಿ, ಬಗ್ಗಿಸಿ, ಹೊಟ್ಟೆಯ ಮೇಲೆ ಪೆನ್ನಿನಲ್ಲಿ ಒಂದು ಚುಕ್ಕೆ ಇಟ್ಟರು. ನಾನು ಬಿಡುತ್ತೇನೆಯೇ? ಅಲ್ಲಿ ಲಂಗದ ಪಟ್ಟಿ ಬಂದು ಕೂರುತ್ತದೆ, ಎರಡು ಬೆರಳು ಕೆಳಗಿಡಿ ಅಂದೆ. ಕೆಳಗೆ ಮಡಿಕೆ ಬೀಳುತ್ತದೆ, ಚೀಲ ಕಿತ್ತು ಬರುತ್ತದೆ ಅಂದರು. ಕೈಚೀಲದಿಂದ ನನ್ನ ಟೇಪು ತೆಗೆದೆ. ಅರ್ಧ ಗಂಟೆ ಚೌಕಾಸಿ ನಡೆದು ಕೊನೆಗೆ ಒಂದು ಬೆರಳಿಗೆ ಒಪ್ಪಿದರು. ನಾನಿಟ್ಟ ಗುರುತಿಗೆ ಟೇಪು ಹಿಡಿದವರು ನೀವೇ ಮೊದಲು ಎಂದು ನಕ್ಕು, ಒಳಗಡೆ ಚೀಲಕ್ಕೆ ಜೇಬಿರುವ ಲಂಗ ಹೊಲಿಯಲು ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ. ಇವತ್ತು ಬೆಳಗ್ಗೆಯೇ ಒಂದನ್ನು ಕತ್ತರಿಸಿದ್ದೇನೆ.

ನಮ್ಮವರು ಮಾತ್ರ ಆ ಚುಕ್ಕೆ ನೋಡಿ ಮುಖ ತಿರುಗಿಸಿದರು. ನಿನಗೆ ಗೊತ್ತಲ್ಲ, ಮದುವೆಯಾದಾಗಿನಿಂದ ಬಸ್ ನಿಲ್ದಾಣ, ಸಿನಿಮಾ ಮಂದಿರ, ಬ್ಯಾಂಕು, ಹೋದಲ್ಲೆಲ್ಲ ಕಕ್ಕಸಿನ ಹೊರಗೆ ನನ್ನ ಕೈಚೀಲ ಹಿಡಿದು ನಿಂತ ಮನುಷ್ಯ. ಯಾವತ್ತೂ ಗಡಿಯಾರ ನೋಡಿಕೊಂಡವರಲ್ಲ. ಮುಖ ತಿರುಗಿಸಿಕೊಂಡೇ ಕೇಳಿದರು:

"ಹಾಗಾದ್ರೆ ಇನ್ಮೇಲೆ ನಾನು ಎಲ್ಲಿ ನಿಂತ್ಕೊಳ್ಳಲಿ?"

ನನಗೆ ನಗುವೂ ಬಂತು, ಅಳುವೂ ಬಂತು.

ಮಾತ್ರೆಯ ಮಂಪರಿನಲ್ಲಿ ನಾವಿಬ್ಬರೂ ಮೊದಲು ಸಿಕ್ಕ ಆ ವಾರ್ಡು ಪದೇ ಪದೇ ಬರುತ್ತದೆ. ಎರಡು ಹಾಸಿಗೆ, ನಡುವೆ ಕಿಟಕಿ, ಕಿಟಕಿಯಲ್ಲಿ ಒಣಗಲು ಹಾಕಿದ ಬಿಳಿ ಚಾದರಗಳು ಗಾಳಿಗೆ ಉಬ್ಬಿ ಹಡಗಿನ ಹಾಗೆ. ಇಬ್ಬರಿಗೂ ಒಂದೇ ಕಕ್ಕಸು. ಯಾರು ಮೊದಲು ಓಡುವುದು ಎಂದು ಜಗಳವಾಡಿ ಗೆಳತಿಯರಾದವರು ಲೋಕದಲ್ಲಿ ನಾವಿಬ್ಬರೇ ಇರಬೇಕು. ಈ ಕಾಯಿಲೆ ಹಳತಾದಷ್ಟೂ ಇನ್ನೊಂದಕ್ಕೆ ಜಾಗ ಮಾಡಿಕೊಡಬಹುದು, ಎಂಟು ವರ್ಷ ಕಳೆದ ಮೇಲೆ ವರ್ಷಕ್ಕೊಮ್ಮೆ ಕ್ಯಾಮೆರಾ ಪರೀಕ್ಷೆ ತಪ್ಪಿಸಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆ ಕಾಲ ಬಂದಾಗ, ಹಿಂದಿನ ದಿನ ಹೊಟ್ಟೆ ತೊಳೆಯಲು ಕುಡಿಯಬೇಕಾದ ಔಷಧಿಗೆ ನೀನು ಸುತರಾಂ ಒಪ್ಪಲಿಲ್ಲ.

"ಆ ದರಿದ್ರ ಔಷಧಿ ನಾನೊಬ್ಬಳೇ ಕುಡಿಯೋಲ್ಲ. ನೀನು ಕುಡಿದ್ರೆ ನಾನೂ ಕುಡೀತೀನಿ."

ಅಲ್ಲಿಂದ ಶುರುವಾಯಿತು ನಮ್ಮ ವ್ರತ. ಇಬ್ಬರಿಗೂ ಒಂದೇ ದಿನ, ನಿನ್ನ ಊರಿನಲ್ಲಿ ನೀನು, ನನ್ನ ಊರಿನಲ್ಲಿ ನಾನು. ಹಿಂದಿನ ಸಂಜೆ ನಾಲ್ಕಕ್ಕೆ ಸರಿಯಾಗಿ ಫೋನು ಕಿವಿಗೆ, ಕಾಲು ಗಂಟೆಗೊಂದು ಗ್ಲಾಸು. ನೀನು ಹೂಂ ಅಂದರೆ ನಾನು ಎತ್ತುವುದು. ನಾಲ್ಕನೇ ಗ್ಲಾಸಿನ ಹೊತ್ತಿಗೆ ಕಿಟಕಿಯ ಬೆಳಕು ಹಳದಿಯಾಗಿ, ನಿನ್ನ ದನಿ ನೀರಿನ ಅಡಿಯಿಂದ ಬಂದಂತೆ ಕೇಳುತ್ತಿತ್ತು. ಈಚಿನ ಮೂರು ವರ್ಷವಂತೂ ನೀನು ನನ್ನನ್ನು ಹೊಗಳಿದ್ದೇ ಹೊಗಳಿದ್ದು, ಅದೆಷ್ಟು ಸಲೀಸಾಗಿ ಕುಡೀತೀಯೇ, ನನಗೆ ವಾಕರಿಕೆ ಬರ್ತಿದೆ ಅಂತ. ಆ ಸಂಜೆಗಳಷ್ಟು ಹತ್ತಿರ ನಾನು ಯಾರ ಪಕ್ಕದಲ್ಲೂ ಕೂತದ್ದಿಲ್ಲ.

ಹೊರಗೆ ಗಿರಾಕಿ ಬಂದ ಹಾಗಿದೆ, ನಿಲ್ಲಿಸುತ್ತೇನೆ. ನಿನ್ನ ಮಗಳಿಗೆ ನನ್ನ ಪ್ರೀತಿ. ಹೊಸ ಕೆಲಸದಲ್ಲಿ ಅವಳಿಗೆ ಒಳ್ಳೆಯದಾಗಲಿ, ಅಳತೆ ಕಳಿಸಿದರೆ ಅವಳ ಕೋಟು ನಾನೇ ಹೊಲಿಯುತ್ತೇನೆ. ಎಲ್ಲಕ್ಕಿಂತ ಮೊದಲು ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ,
ಹನ್ನೆರಡು

ತಾ.ಕ.: ಗಿರಾಕಿ ಯಾರೂ ಬರಲಿಲ್ಲ. ಹೇಳಬೇಕಾದದ್ದು ಹತ್ತಿರ ಬಂತು, ಅದಕ್ಕೆ ಓಡಿದೆ.

ನಾಲ್ಕು ವರ್ಷದ ಹಿಂದೆ, ಎಲ್ಲಾ ಸರಿಯಾಗಿದೆಯಂತೆ ಅಂದಿದ್ದೆನಲ್ಲ, ಸರಿಯಿರಲಿಲ್ಲ. ಒಂದು ಕಡೆ ಜೀವಕೋಶಗಳು ಬದಲಾಗುತ್ತಿವೆ, ಆರು ತಿಂಗಳಿಗೇ ಬನ್ನಿ ಅಂದಿದ್ದರು. ಹೋಗಲಿಲ್ಲ. ಆಮೇಲಿನ ಮೂರು ವರ್ಷವೂ ಹೋಗಲಿಲ್ಲ. ನಮ್ಮವರು ಲಿಫ್ಟು ರಿಪೇರಿಗೆಂದು ಪರ ಊರಿಗೆ ಹೋಗಿರುವ ದಿನ ನೋಡಿ ನಿನಗೆ ತಾರೀಖು ಕೊಟ್ಟೆ. ನಾಲ್ಕು ಗಂಟೆಗೆ ಗ್ಲಾಸು ಜೋಡಿಸಿಕೊಂಡು, ನೀನು ಹೂಂ ಅಂದಾಗಲೆಲ್ಲ ಎತ್ತಿ ಕುಡಿದೆ. ಬರೀ ನೀರು. ಸಲೀಸಾಗಿ ಕುಡಿಯದೆ ಏನು? ಮರುದಿನ ನೀನು ಆಸ್ಪತ್ರೆಗೆ ಹೋದೆ, ನಾನು ಅಂಗಡಿ ಬಾಗಿಲು ತೆಗೆದೆ.

ನಾನು ತಪ್ಪಿಸಿದರೆ ನೀನೂ ತಪ್ಪಿಸುತ್ತೀಯ, ಅದಕ್ಕೇ ಈ ನಾಟಕ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಮಾತ್ರ ನಿಜ. ಹೆದರಿದ್ದೆ ಕಣೇ. ಹೆದರಿದ್ದೇನೆ ಅಂತ ನಿನಗೆ ಹೇಳುವುದಕ್ಕೂ ಹೆದರಿದೆ. ಮೊನ್ನೆ ಡಾಕ್ಟರು ಫೈಲು ತೆರೆದು, ಇಷ್ಟು ವರ್ಷ ಎಲ್ಲಿದ್ದಿರಿ ಎಂದು ಕೇಳಿದಾಗ ನಮ್ಮವರು ಪಕ್ಕದಲ್ಲೇ ಇದ್ದರು. ಏನೂ ಅನ್ನಲಿಲ್ಲ, ನನ್ನ ಕೈಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡರು. ನೀನು ಅನ್ನು. ಬಾಯಿಗೆ ಬಂದದ್ದೆಲ್ಲ ಅನ್ನು.

ಹದಿನೇಳಕ್ಕೆ, ಗುರುವಾರ ಸಂಜೆ ನಾಲ್ಕಕ್ಕೆ ಮತ್ತೆ ಆ ಔಷಧಿ ಕುಡಿಯಬೇಕು. ಫೋನಿನಲ್ಲಿ ನನ್ನನ್ನು ನಂಬಬೇಡ. ಬಂದು ಎದುರಿಗೆ ಕೂತುಕೋ. ಪ್ರತಿ ಗ್ಲಾಸಿನಿಂದಲೂ ಮೊದಲು ಒಂದು ಗುಟುಕು ನೀನು ರುಚಿ ನೋಡು, ಆಮೇಲೆ ನನಗೆ ಕೊಡು.