ಹುಣಸೆ ಬರಲು

ಅವ್ವಾ,

ಸೋಮವಾರ ವಾರ್ಡಿನಲ್ಲಿ ವಿಪರೀತ ಗಡಿಬಿಡಿ. ಗೋವಿನಕೋವಿಯ ಪಾಪಣ್ಣಜ್ಜನ ಬಿ.ಪಿ. ಅಳೆಯದೆ, ಬೆಳಗಿನ ಅಂಕಿಯನ್ನೇ ಚಾರ್ಟಿನಲ್ಲಿ ಮತ್ತೆ ಬರೆದುಬಿಟ್ಟೆ. ಯಾರೂ ನೋಡಲಿಲ್ಲ. ಚಿಕ್ಕವಳಿದ್ದಾಗ ನಿನ್ನ ಹುಣಸೆ ಬರಲಿನ ಏಟಿಗೆ ಹೆದರಿ ನಿಜ ಹೇಳುತ್ತಿದ್ದೆ. ನರ್ಸಿಂಗ್ ಓದುವಾಗ ಮೇಡಂ ಮೆಚ್ಚಲೆಂದು. ಸೋಮವಾರ ವಾರ್ಡಿನಲ್ಲಿ ನೀವಿಬ್ಬರೂ ಇರಲಿಲ್ಲ. ಅಜ್ಜ ಮಾತ್ರ, "ನೀ ಬರಕಂಡ್ಯಲ್ಲವ್ವ, ಇನ್ನೇನು ಭಯ ಐತೆ?" ಎಂದು ನಕ್ಕ. ಆ ನಂಬಿಕೆ ಕಂಡು ನನಗೆ ತಡೆಯಲಾಗಲಿಲ್ಲ.

ತೋಳಿಗೆ ಪಟ್ಟಿ ಕಟ್ಟಿ ಅಳೆದೆ. ಬಿ.ಪಿ. ಪಾತಾಳಕ್ಕಿಳಿದಿತ್ತು! ಓಡಿಹೋಗಿ ಡಾಕ್ಟರನ್ನು ಕರೆತಂದೆ. ಸುಳ್ಳು ಬರೆದದ್ದನ್ನೂ ನಾನೇ ಹೇಳಿ, ಎಲ್ಲರೆದುರು ಬೈಸಿಕೊಂಡೆ. ಇವತ್ತು ಅಜ್ಜ ಯಾರ ಕೈಯನ್ನೂ ಹಿಡಿಯದೆ ಊರಿನ ಬಸ್ಸು ಹತ್ತಿದ!

ಮಂಡಿನೋವಿನ ಮಾತ್ರೆ ತಪ್ಪಿಸಬೇಡ. ನಾನು ಜಗಳೂರಿಗೆ ಬರುವಷ್ಟರಲ್ಲಿ, ಜಂತೆಗೆ ಸಿಕ್ಕಿಸಿಟ್ಟ ಆ ಬರಲನ್ನು ಒಲೆಗೆ ಹಾಕಿಬಿಡು. ಇನ್ನು ನನಗದು ಬೇಕಿಲ್ಲ.

ನಿನ್ನ ಮಗಳು,
ರಕ್ಷಾ