ಬೂರೆ ಹಬ್ಬದ ಕಳ್ಳನನ್ನು ಹೊಡೆಸಿದವರು ಯಾರು?

ಜಾಲತಾಣಗಳಿಗೆ ಕಾನೂನು ಬರೆಯುವ ಇಲಾಖೆಯ ಮಾನ್ಯ ಕಾರ್ಯದರ್ಶಿಗಳೇ,

ನನ್ನ ತಮ್ಮನ ಬಲಗೈ ಮುರಿದವರ ಮೇಲೆ ಮೊಕದ್ದಮೆ ನಡೆಯುತ್ತಿದೆ. ಅವನ ವಿಡಿಯೋವನ್ನು ಮೊದಲು ಹಾಕಿದವನು ಪೊಲೀಸ್ ಠಾಣೆಯ ಬೆಂಚಿನ ಮೇಲೆ ದಿನವಿಡೀ ಕೂತು ಹೇಳಿಕೆ ಕೊಟ್ಟು ಬಂದಿದ್ದಾನೆ. ಆದರೆ ಅದೇ ವಿಡಿಯೋವನ್ನು ಲಕ್ಷ ಜನರ ಮುಖಕ್ಕೆ ಹಿಡಿದು, ನಡುನಡುವೆ ಸಾಬೂನಿನ ಜಾಹೀರಾತು ತೋರಿಸಿ ದುಡ್ಡು ಮಾಡಿಕೊಂಡ ಜಾಲತಾಣಕ್ಕೆ ಇವತ್ತಿನವರೆಗೆ ಒಂದು ನೋಟೀಸೂ ಹೋಗಿಲ್ಲ. ಯಾಕೆ ಎಂದು ಕೇಳಲು ಈ ಪತ್ರ. ಮೊದಲು ತಮಗೊಬ್ಬರಿಗೇ ಬರೆದಿದ್ದೆ. "ತಮ್ಮ ಪತ್ರ ಸ್ವೀಕೃತವಾಗಿದೆ" ಎಂಬ ಉತ್ತರ ಬಂತು. ಸ್ವೀಕರಿಸಿದ್ದು ಸಂತೋಷ. ಓದಿದ್ದೀರೋ ಇಲ್ಲವೋ ತಿಳಿಯದ್ದರಿಂದ ಈಗ ನಾಲ್ಕು ಜನ ಓದುವಲ್ಲಿ ಬರೆಯುತ್ತಿದ್ದೇನೆ.

ಹೋದ ತಿಂಗಳು ತಾವು ಶಿರಸಿಗೆ ಬಂದಿದ್ದಿರಿ. ಹೆಂಗಸರಿಗೆ ಮೊಬೈಲಿನ ಬಗ್ಗೆ ತಿಳಿವಳಿಕೆ ಕೊಡುವ ಕಾರ್ಯಕ್ರಮ. ಸ್ವಸಹಾಯ ಸಂಘದವರನ್ನೆಲ್ಲ ಬಸ್ಸು ಮಾಡಿ ಕರೆಸಿದ್ದರು, ನಾನೂ ಇದ್ದೆ. ಪ್ರಶ್ನೆ ಕೇಳಬಹುದು ಎಂದಾಗ ಎದ್ದು ನಿಂತು, ಜಾಲತಾಣ ನೋಡಿ ಜನ ಹೊಡೆದರೆ ಜಾಲತಾಣದವರು ಹೊಣೆಯಲ್ಲವೇ ಎಂದು ಕೇಳಿದೆ. ತಾವು ನಗುತ್ತಲೇ ಹೇಳಿದಿರಿ: "ನೋಡಿ ಅಮ್ಮಾ, ಜಾಲತಾಣ ಅಂದರೆ ನಿಮ್ಮ ಮನೆ ಜಗಲಿ ಇದ್ದ ಹಾಗೆ. ಜಗಲಿ ಮೇಲೆ ಕೂತವರು ಹೊಡೆದಾಡಿದರೆ ಜಗಲೀನ ಜೈಲಿಗೆ ಹಾಕೋಕಾಗುತ್ತಾ?" ಸಭೆ ನಕ್ಕಿತು. ಮೈಕು ನನ್ನ ಕೈಯಿಂದ ಮುಂದಿನವರ ಕೈಗೆ ಹೋಯಿತು.

ಮಾನ್ಯರೇ, ತಾವು ಜಗಲಿಯ ಮೇಲೆ ಕೂತು ಬೆಳೆದವರಲ್ಲ ಎಂದು ಕಾಣುತ್ತದೆ. ಜಗಲಿ ತಾನಾಗಿ ಹುಟ್ಟುವುದಿಲ್ಲ. ಅದರ ಹಿಂದೊಂದು ಮನೆ, ಮನೆಗೊಬ್ಬ ಯಜಮಾನ, ಒಳಗೊಬ್ಬಳು ಹೆಂಗಸು ಇರುತ್ತಾರೆ. ಎಲೆ ಅಡಿಕೆಯ ಕವಳ ಹಾಕುತ್ತ ಕೂತ ನಾಲ್ವರಲ್ಲಿ ಇಬ್ಬರ ದನಿ ಏರಿದರೆ ನಾನು ಒಳಗಿಂದಲೇ ಕುಡಿಯಲು ಏನಾದರೂ ಬೇಕೇ ಎಂದು ಕೇಳುತ್ತೇನೆ. ಸಾಕು ಮಾಡಿ ಎಂದು ಅದರ ಅರ್ಥ. ಅದಕ್ಕೂ ಬಗ್ಗದಿದ್ದರೆ ನಮ್ಮನೆಯವರು ಎದ್ದು ನಿಲ್ಲುತ್ತಾರೆ. ಯಜಮಾನ ಎದ್ದು ನಿಂತ ಮೇಲೆ ಕೂತವರು ಮನೆಗೆ ಹೊರಡಬೇಕು, ಅದು ಕ್ರಮ. ಅಷ್ಟಾಗಿಯೂ ರಕ್ತ ಬಿದ್ದರೆ ಊರವರು ಕೇಳುವುದು ಜಗಲಿಯನ್ನಲ್ಲ, ನಮ್ಮನ್ನು. ಜಗಳವಾಡುವವರ ಮುಂದೆ ಕವಳದ ತಟ್ಟೆ ಮತ್ತಷ್ಟು ದೂಡಿ, ಪಕ್ಕದೂರಿನವರನ್ನೂ ಕೂಗಿ ಕರೆದು, ನೋಡಲು ನೆರೆದವರಿಗೆ ಸಾಬೂನು ಮಾರುವ ಜಗಲಿ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನಲ್ಲಿ ಎಲ್ಲಿಯೂ ಇಲ್ಲ. ತಮ್ಮ ಕಡೆ ಇದ್ದರೆ ತಿಳಿಸಿ.

ಈಗ ನನ್ನ ತಮ್ಮನ ವಿಷಯ. ಹೆಸರು ಸತೀಶ. ಅಡುಗೆಯವನು. ಮದುವೆ, ಮುಂಜಿ, ವೈದಿಕ ಏನಿದ್ದರೂ ಸಿದ್ದಾಪುರದ ನಿಲ್ಕುಂದದಿಂದ ಯಲ್ಲಾಪುರದ ನಂದೊಳ್ಳಿಯವರೆಗೆ ಅವನಿಗೆ ಕರೆ ಬರುತ್ತಿತ್ತು. ಮೊದಲಿಂದಲೂ ತಮಾಷೆಯ ಮನುಷ್ಯ. ಬಡಿಸುವಾಗ ಬೀಗರನ್ನೂ ಬಿಡುತ್ತಿರಲಿಲ್ಲ.

ನಮ್ಮಲ್ಲಿ ದೀವಳಿಗೆಯ ಬೂರೆ ಹಬ್ಬದ ರಾತ್ರಿ ಬೂರೆ ಕಳವು ಎಂಬ ಪದ್ಧತಿ ಇದೆ. ಆ ಒಂದು ರಾತ್ರಿ ಕದಿಯಲು ಊರಿಗೆ ಊರೇ ಅಪ್ಪಣೆ ಕೊಟ್ಟಿದೆ. ಬೆಳಗಾಗುವಾಗ ಒಬ್ಬರ ಗೇಟು ಇನ್ನೊಬ್ಬರ ಕೊಟ್ಟಿಗೆಯಲ್ಲಿರುತ್ತದೆ, ಒಬ್ಬರ ಏಣಿ ಶಾಲೆಯ ಮಾಡಿನ ಮೇಲಿರುತ್ತದೆ. ಹುಡುಕಿಕೊಂಡು ಹೋಗಿ, ಬೈದು, ನಕ್ಕು ತಂದುಕೊಳ್ಳುವುದು. ಯಾರ ಮನೆಯಲ್ಲಿ ಏನೂ ಕಳವಾಗಲಿಲ್ಲವೋ ಆ ಮನೆಯ ಹಿರಿಯರಿಗೆ, ಊರವರಿಗೆ ನಮ್ಮ ಮೇಲೆ ಏನೋ ಬೇಜಾರಿದೆ ಎಂಬ ಚಿಂತೆ.

ನಮ್ಮೂರ ಗಿರೀಶ ಸತೀಶನ ಬಾಲ್ಯದ ಗೆಳೆಯ. ಹೋದ ವರ್ಷ ಮನೆಗೆ ಕ್ಯಾಮರಾ ಹಾಕಿಸಿದ್ದ. ಕ್ಯಾಮರಾ ಇದ್ದಲ್ಲಿ ಕದ್ದರೇ ಮರ್ಯಾದೆ ಎಂದು ಇವನು ಅಲ್ಲಿಗೇ ಹೋದ. ಗೋಣಿಚೀಲದ ತುಂಬ ಮೊಗೆಕಾಯಿ, ಅದೇ ಸಾಂಬಾರಿನ ಸೌತೆಕಾಯಿ, ತುಂಬಿ ಹೆಗಲಿಗೇರಿಸಿ, ಹೋಗುವಾಗ ಕ್ಯಾಮರಾದ ಕಡೆ ತಿರುಗಿ ಹಲ್ಲುಕಿರಿದು ಒಂದು ನಮಸ್ಕಾರ ಹಾಕಿದ. ಗಿರೀಶ ಬೆಳಿಗ್ಗೆ ಅದನ್ನು ಊರಿನ ಗುಂಪಿಗೆ ಹಾಕಿ, "ಕಳ್ಳ ಇವನೇ, ಕಂಡಲ್ಲಿ ಹಿಡಿದು ಕೊಟ್ಟವರಿಗೆ ಹೋಳಿಗೆ ಊಟ" ಎಂದು ಬರೆದ. ಊರೆಲ್ಲ ನಕ್ಕಿತು. ಆ ದಿನ ಗಿರೀಶನ ಮನೆಗೆ ಹೋಗಿ ಹೋಳಿಗೆ ಬೇಯಿಸಿಕೊಟ್ಟವನೂ ಕಳ್ಳನೇ. ಊರಿನ ನಗೆ ಊರಿನ ಗಡಿ ದಾಟಿದರೆ ನಗೆಯಾಗಿ ಉಳಿಯುವುದಿಲ್ಲ ಎಂದು ನಮಗೆ ಯಾರು ಹೇಳಿದ್ದರು?

ಯಾರ ಮೊಬೈಲಿನಿಂದ ಯಾರ ಮೊಬೈಲಿಗೆ ಹೋಯಿತೋ, ಒಂದು ದಿನ ಅದು ಕಳ್ಳರನ್ನು ಹಿಡಿಸುವುದೇ ತನ್ನ ಸೇವೆ ಎಂದು ಹೇಳಿಕೊಳ್ಳುವ ಒಂದು ಪುಟದಲ್ಲಿ ಕಾಣಿಸಿತು. ಹೋಳಿಗೆಯ ಮಾತು ಹೋಗಿತ್ತು, ಕಳ್ಳ ಎಂಬುದು ಉಳಿದಿತ್ತು. ಮೊಗೆಕಾಯಿ ಅಡಿಕೆಯಾಗಿತ್ತು. ಹಿಂದೆ ಎದೆ ನಡುಗುವಂಥ ಸಂಗೀತ. "ಅಡಿಕೆ ಕಳ್ಳನ ಸೊಕ್ಕು ನೋಡಿ, ನಗುತ್ತಿದ್ದಾನೆ. ಎಲ್ಲಿ ಕಂಡರೂ ಬಿಡಬೇಡಿ." ಕೆಳಗೆ ಅಭಿಪ್ರಾಯ ಬರೆದವರಲ್ಲಿ ಕೈ ಕಡಿಯಿರಿ ಎಂದವರೇ ಬಹಳ. ಕಾಲನ್ನೂ ಸೇರಿಸಿದ ಉದಾರಿಗಳೂ ಇದ್ದರು.

ಇದನ್ನು ಮೊದಲು ಕಂಡವಳು ನನ್ನ ಮಗಳು ಅಭಿಜ್ಞಾ. ಆಗಿನ್ನೂ ಯಾರೂ ಯಾರ ಮೇಲೂ ಕೈ ಎತ್ತಿರಲಿಲ್ಲ. ದಯವಿಟ್ಟು ಈ ಮಾತಿನ ಕೆಳಗೆ ಗೆರೆ ಎಳೆದು ಓದಿ. ಏಟು ಬೀಳುವ ಮೊದಲೇ ನಾವು ಜಾಲತಾಣಕ್ಕೆ ದೂರು ಕೊಟ್ಟಿದ್ದೆವು. ಇವನು ಕಳ್ಳನಲ್ಲ, ಇದು ಹಬ್ಬದ ಆಟ, ಜನ ಹೊಡೆಯಿರಿ ಎನ್ನುತ್ತಿದ್ದಾರೆ, ತೆಗೆಯಿರಿ ಎಂದು ಅಭಿಜ್ಞಾ ಬರೆದಳು, ಗಿರೀಶ ಬರೆದ, ಸತೀಶನೂ ಬರೆದ. ಉತ್ತರ ಒಂದೇ. "ನಾವು ಪರಿಶೀಲಿಸಿದ್ದೇವೆ. ಇದು ನಮ್ಮ ಸಮುದಾಯದ ನಿಯಮಗಳನ್ನು ಮೀರುವುದಿಲ್ಲ. ನಿಮಗೆ ಇಷ್ಟವಾಗದಿದ್ದರೆ ಇದನ್ನು ಮರೆಮಾಡಬಹುದು." ಮರೆಮಾಡಿದೆವು. ನಮ್ಮ ಕಣ್ಣಿಗೆ ಕಾಣದಾಯಿತು. ಮಿಕ್ಕವರ ಕಣ್ಣಿಗೆ?

ಇದೇ ಜಾಲತಾಣದಲ್ಲಿ ನಮ್ಮ ಭಜನಾ ಮಂಡಳಿಯವರು ಏಕಾದಶಿಯ ಭಜನೆಯನ್ನು ಒಮ್ಮೆ ಹಾಕಿದ್ದರು. ನನ್ನ ಅಜ್ಜಿ ದೇವರ ಬತ್ತಿ ಹೊಸೆಯುತ್ತ ಹೇಳುತ್ತಿದ್ದ ಹಾಡು. ಸಂಜೆಯೊಳಗೆ ಕಿತ್ತು ಹಾಕಿದರು. ಆ ಧಾಟಿ ಯಾವುದೋ ಸಂಗೀತ ಕಂಪನಿಯ ಸೊತ್ತಂತೆ. ಮುದುಕಿಯ ಹಾಡಿನಲ್ಲಿ ಕಂಪನಿಯ ಸೊತ್ತನ್ನು ಗುರುತಿಸುವಷ್ಟು ಚುರುಕಾದ ಯಂತ್ರಕ್ಕೆ "ಕೈ ಕಡಿಯಿರಿ" ಎಂಬ ಕನ್ನಡ ಅರ್ಥವಾಗುವುದಿಲ್ಲವಂತೆ. ನಂಬಬೇಕಂತೆ.

ಮುಂದೆ ಆದದ್ದು ಇಷ್ಟು. ಬನವಾಸಿ ಕಡೆಯ ಒಂದು ಊರಿಗೆ ಸತೀಶ ಮದುವೆಯ ಅಡುಗೆಗೆ ಹೋಗಿದ್ದ. ಅಲ್ಲಿ ಆಗಷ್ಟೇ ಒಬ್ಬರ ಒಣ ಅಡಿಕೆ ನಿಜವಾಗಿಯೂ ಕಳವಾಗಿತ್ತು. ಮದುವೆ ಮುಗಿಸಿ ಮಧ್ಯಾಹ್ನ ಬಸ್ಸಿಗೆ ಕಾಯುತ್ತ ಕೂತಿದ್ದಾನೆ, ಪಕ್ಕದಲ್ಲಿ ಗೋಣಿಚೀಲ, ಅದರಲ್ಲಿ ದೊಡ್ಡ ಅಡುಗೆಯ ಸೌಟುಗಳು. ಕೆಲವರು ಬಂದು ಚೀಲದಲ್ಲಿ ಏನಿದೆ ಎಂದು ಕೇಳಿದರು. ಇವನು ಅಭ್ಯಾಸದಂತೆ ನಕ್ಕ. ಆ ನಗುವನ್ನು ಅವರು ಮೊದಲೇ ನೋಡಿದ್ದರು.

ಅವನದೇ ಕಬ್ಬಿಣದ ಸೌಟಿನಿಂದ ಅವನ ಕೈ ಮುರಿದರು. ಎಡಗಿವಿ ಈಗ ಕೇಳುವುದಿಲ್ಲ. ಜೀವ ಉಳಿದದ್ದು ಅಲ್ಲೇ ಚಹಾ ಮಾರುವ ಗುರುಶಾಂತವ್ವ ಎಂಬ ಮುದುಕಿಯಿಂದ. ಆಕೆ ಗುಂಪಿನ ನಡುವೆ ನುಗ್ಗಿ ಅವನ ಮೇಲೆ ಅಡ್ಡ ಬಿದ್ದರಂತೆ. ಹೊಡೆಯುತ್ತಿದ್ದವರಲ್ಲಿ ಒಬ್ಬ, ಶರಣ ಎಂಬ ಯುವಕ, ಆಕೆಯ ಮುಖಕ್ಕೆ ಮೊಬೈಲು ಹಿಡಿದನಂತೆ.

"ಲಕ್ಷ ಮಂದಿ ನೋಡ್ಯಾರ ಆಯಿ, ಅಷ್ಟೂ ಮಂದಿಗೆ ಕಣ್ಣಿಲ್ಲೇನು?"

"ಲಕ್ಷ ಮಂದ್ಯಾಗ ಒಬ್ಬನರ ಇವನ ಹೆಸರು ಕೇಳ್ಯಾನೇನೋ? ನೀನರ ಕೇಳಿದ್ಯಾ?"

ಆಮೇಲೆ ಹೆಸರು ಕೇಳಿದರು. ಆಸ್ಪತ್ರೆಯಲ್ಲಿ ಬರೆದುಕೊಳ್ಳಬೇಕಿತ್ತಲ್ಲ, ಅದಕ್ಕೆ.

ಶರಣ ಈಗ ಜಾಮೀನಿನ ಮೇಲಿದ್ದಾನೆ. ಅವನ ತಂದೆ ನಾಗಪ್ಪನವರು ಆಸ್ಪತ್ರೆಗೆ ಬಂದು ಸತೀಶನ ಕಾಲು ಹಿಡಿಯಲು ಹೋದರು. ನಾನು ಹಿಡಿಯಗೊಡಲಿಲ್ಲ. ಕ್ಷಮಿಸಿಯೂ ಇಲ್ಲ, ಸುಳ್ಳು ಹೇಳಬಾರದು. ಕೈ ಎತ್ತಿದವನಿಗೆ ಶಿಕ್ಷೆ ಆಗಲೇಬೇಕು. ಆದರೆ ಅವರೊಂದು ಮಾತು ಹೇಳಿದರು. ಮಗ ಒಂದೇ ಒಂದು ಸಲ ಆ ವಿಡಿಯೋ ನೋಡಿದ್ದನಂತೆ. ಅಲ್ಲಿಂದ ಮುಂದೆ ಕೇಳದೆಯೇ ದಿನಾ ಅಂಥದೇ ಕಳ್ಳರ, ಅಂಥದೇ ಹೊಡೆತದ ವಿಡಿಯೋಗಳು ಅವನ ಮೊಬೈಲಿಗೆ ಬಂದು ಬೀಳತೊಡಗಿದವಂತೆ. "ನಾ ಮಗಗ ರೊಟ್ಟಿ ಹಾಕ್ತಿದ್ದೆರೀ ಅಕ್ಕಾರ, ಸಿಟ್ಟು ಉಣಿಸಾವ್ರು ಬ್ಯಾರೇನ ಇದ್ರು" ಎಂದರು. ಆ ಉಣಿಸಿದವರ ಮೇಲೆ ಯಾವ ಕಲಮು ಇದೆ, ಮಾನ್ಯರೇ?

ಕೇಳಿದರೆ ವಕೀಲರು ಹೇಳುತ್ತಾರೆ, ಕಾನೂನಿನ ಪ್ರಕಾರ ಜಾಲತಾಣ ಬರೀ ಮಧ್ಯವರ್ತಿ, ಅದಕ್ಕೆ ರಕ್ಷಣೆ ಇದೆ ಎಂದು. ಶಿರಸಿಯ ಹೆಂಗಸಿಗೆ ಮಧ್ಯವರ್ತಿಯ ಅರ್ಥ ಹೇಳಿಕೊಡಬೇಡಿ. ಅಡಿಕೆಯ ದಲಾಲರನ್ನು ನೋಡುತ್ತಲೇ ಬೆಳೆದವರು ನಾವು. ಕದ್ದ ಅಡಿಕೆ ಎಂದು ಗೊತ್ತಿದ್ದೂ ಕೊಂಡು ಮಾರಿದ ದಲಾಲ ಪೊಲೀಸರ ಮುಂದೆ, ನಾನು ಬರೀ ಮಧ್ಯವರ್ತಿ, ನನ್ನ ಕಮಿಷನ್ ಮಾತ್ರ ತೆಗೆದುಕೊಂಡೆ ಎಂದರೆ ಬಿಡುತ್ತಾರೆಯೇ? ಕಳ್ಳನ ಜೊತೆಗೇ ಕೂರಿಸುತ್ತಾರೆ. ಗೊತ್ತಿದ್ದೂ ಸುಳ್ಳು ಮಾರಿದವನಿಗೆ ಮಾತ್ರ ಬೇರೆ ಮಣೆ ಯಾಕೆ?

ಇನ್ನೊಂದು ಕೇಳಿ. ನಾವು ಹೆಂಗಸರು ಸೇರಿ ಒಂದು ತಾಳಮದ್ದಳೆ ಇಟ್ಟಿದ್ದೆವು. ವೇಷವಿಲ್ಲ, ಕುಣಿತವಿಲ್ಲ, ಕೂತು ಮಾತಾಡುವುದು ಅಷ್ಟೇ. ಅದರ ಮೈಕಿಗೆ ಅನುಮತಿ ಬೇಕು ಎಂದು ಠಾಣೆಗೆ ಹೋದೆ. ಸಭೆಯಲ್ಲಿ ಗಲಾಟೆ, ಹೊಡೆದಾಟ ಏನಾದರೂ ಆದರೆ ನಾನೇ ಜವಾಬ್ದಾರಿ ಎಂದು ಮುಚ್ಚಳಿಕೆ ಬರೆಸಿಕೊಂಡರು, ಆಧಾರ್ ಪ್ರತಿ ಇಟ್ಟುಕೊಂಡರು. ಕೇಳಲು ಬರುವವರು ಬೆನ್ನುನೋವಿನ ಅಜ್ಜ ಅಜ್ಜಿಯರು, ಹೊಡೆದಾಡಲು ಏಳುವುದೇ ಕಷ್ಟ ಎಂದೆ. ನಿಯಮ ನಿಯಮವೇ ಎಂದರು. ತಪ್ಪು ಎನ್ನುವುದಿಲ್ಲ. ಜನ ಸೇರಿಸಿದವರು ಹೊಣೆ ಹೊರಬೇಕು, ಸಂತೋಷದಿಂದ ಸಹಿ ಹಾಕಿದೆ. ದಿನವೂ ದೇಶದ ಅರ್ಧದಷ್ಟು ಜನರನ್ನು ಸೇರಿಸಿ ಮೈಕು ಕೊಡುವವರು ಎಲ್ಲಿ ಸಹಿ ಹಾಕಿದ್ದಾರೆ ತೋರಿಸಿ.

ಹೊಣೆ ಹೊರಿಸಿದರೆ ಅವರು ಹೆದರಿ ಎಲ್ಲವನ್ನೂ ಅಳಿಸುತ್ತಾರೆ, ರಸ್ತೆ ಸರಿಯಿಲ್ಲ ಎಂದು ಬರೆದ ಬಡವನ ಮಾತೂ ಹೋಗುತ್ತದೆ, ದೊಡ್ಡವರಿಗೆ ಅನುಕೂಲವಾಗುತ್ತದೆ ಎಂದು ತಾವು ಹೇಳಬಹುದು. ಅಭಿಜ್ಞಾಳೂ ಹಾಗೇ ಹೇಳಿ ನನ್ನ ಜೊತೆ ವಾದ ಮಾಡುತ್ತಾಳೆ. ಅವಳ ಮಾತಿನಲ್ಲಿ ಹುರುಳಿದೆ, ಈ ಪತ್ರವನ್ನೇ ನಾಳೆ ಅಳಿಸಿಯಾರು. ಅದಕ್ಕೇ ನಾನು ಯಾರೋ ಏನೋ ಬರೆದದ್ದಕ್ಕೆಲ್ಲ ಅವರನ್ನು ಹಿಡಿಯಿರಿ ಎನ್ನುತ್ತಿಲ್ಲ. ಗೋಡೆಯ ಮೇಲೆ ಯಾರೋ ಬರೆದು ಹೋದರೆ ಗೋಡೆಯವನ ತಪ್ಪೇನು? ಅಳಿಸಪ್ಪಾ ಎಂದು ಕೈಮುಗಿದು ಹೇಳಿದ ಮೇಲೂ ಅಳಿಸದೆ, ಗೋಡೆಯನ್ನೇ ಹೊತ್ತು ಕೇಳದವರ ಮನೆ ಬಾಗಿಲಿಗೆಲ್ಲ ಒಯ್ದು ತೋರಿಸಿ ದುಡ್ಡು ಎಣಿಸಿಕೊಂಡವನ ತಪ್ಪಿದೆ. ಅಷ್ಟಕ್ಕೆ ಹಿಡಿಯಿರಿ. ಅಷ್ಟೂ ಆಗದಿದ್ದರೆ ಕಾನೂನು ಬರೆಯುವ ಪೆನ್ನು ಯಾಕೆ?

ಆ ವಿಡಿಯೋ ಇನ್ನೂ ಇದೆ. ದೀವಳಿಗೆ ಹತ್ತಿರ ಬಂತೆಂದು ಯಂತ್ರವೇ ಅದನ್ನು ಹೋದ ವರ್ಷದ ನೆನಪು ಎಂದು ಮತ್ತೆ ಮೇಲೆ ತರುತ್ತಿದೆ. ಕೋರ್ಟಿನಲ್ಲಿ ಇವನು ಏಟು ತಿಂದವನು, ಮೊಬೈಲಿನಲ್ಲಿ ಇನ್ನೂ ಕಳ್ಳ. ಮೊನ್ನೆ ನಂದೊಳ್ಳಿಯಲ್ಲಿ ಒಂದು ಮುಂಜಿ. ಕೈ ಆಗದಿದ್ದರೂ ಪರವಾಗಿಲ್ಲ, ಕೂತು ಹೇಳಿದರೆ ಸಾಕು, ಹುಡುಗರು ಮಾಡುತ್ತಾರೆ ಎಂದು ಹಳೆಯ ಪರಿಚಯದವರು ಕರೆದಿದ್ದರು. ಮಡಿ ಪಂಚೆ ಉಟ್ಟು ಬಸ್ಸು ಹತ್ತಿದವನು ಯಲ್ಲಾಪುರದಲ್ಲಿ ಇಳಿದು ಅಲ್ಲಿಂದಲೇ ತಿರುಗಿ ಬಂದ. ನಿಲ್ದಾಣದಲ್ಲಿ ಎದುರಿಗೆ ಕೂತವನು ಒಮ್ಮೆ ಮೊಬೈಲು ನೋಡಿದನಂತೆ, ಒಮ್ಮೆ ಇವನ ಮುಖ ನೋಡಿದನಂತೆ. ಪಾಪ, ಅವನು ಯಾರಿಗೆ ಕಾಯುತ್ತಿದ್ದನೋ.

"ಅಕ್ಕಾ, ಆನು ಇನ್ನು ಎಲ್ಲಿಗೂ ಹೋಗ್ತ್ನಿಲ್ಲೆ" ಎಂದ ಸತೀಶ. ಅಡುಗೆಯವನು ಎಲ್ಲಿಗೂ ಹೋಗದಿದ್ದರೆ ಏನಾಗುತ್ತಾನೆ, ಸ್ವಾಮಿ? ಅವನು ನಗುವುದನ್ನೂ ಬಿಟ್ಟಿದ್ದಾನೆ. ನಕ್ಕರೆ ವಿಡಿಯೋದವನ ಹಾಗೆ ಕಾಣುತ್ತದಂತೆ.

ನಾನು ದೇವರನ್ನು ನಂಬಿದವಳು. ನಮ್ಮಲ್ಲಿ ಅನ್ಯಾಯವಾದವರು ದೇವಿಯ ಮುಂದೆ ಕಾಯಿ ಇಟ್ಟು ದೂರು ಹೇಳಿಕೊಳ್ಳುವುದುಂಟು, ಹುಯಿಲು ಕೊಡುವುದು ಎನ್ನುತ್ತೇವೆ. ಮಾಡಿದವನ ಹೆಸರು, ಊರು ಹೇಳಿಯೇ ಕೊಡಬೇಕು, ಇಲ್ಲದಿದ್ದರೆ ಅದು ಯಾರಿಗೆ ಹೋಗಿ ತಾಗುತ್ತದೋ ತಿಳಿಯದು. ಹೋದ ಶುಕ್ರವಾರ ಮಾರಿಗುಡಿಯಲ್ಲಿ ಕಾಯಿ ಹಿಡಿದು ನಿಂತೆ. ಶರಣನ ಹೆಸರು ಹೇಳಲು ಬಾಯಿ ಬರಲಿಲ್ಲ, ಅವನು ಆಗಲೇ ಕಟಕಟೆಯಲ್ಲಿದ್ದಾನೆ. ಗಿರೀಶನ ಹೆಸರು ಹೇಳುವ ಪ್ರಶ್ನೆಯೇ ಇಲ್ಲ, ಅವನು ನಮ್ಮನೆಗೆ ಬಂದು ಅಳದ ವಾರವಿಲ್ಲ. ಯಾರ ಹೆಸರು ಹೇಳಬೇಕಿತ್ತೋ ಅವರಿಗೆ ನನಗೆ ತಿಳಿದ ಹೆಸರಿಲ್ಲ, ಊರಿಲ್ಲ, ಮುಖವಿಲ್ಲ.

ಆದ್ದರಿಂದ ನನ್ನ ಬೇಡಿಕೆ ಹೀಗಿದೆ. ದೀವಳಿಗೆಗೆ ಮೊದಲು ಆ ವಿಡಿಯೋ ತೆಗೆಸಿ. ದೂರು ಬಂದ ಮೇಲೂ ಇಟ್ಟುಕೊಂಡು ಹರಡಿದ ಜಾಲತಾಣ ಏಟು ಕೊಟ್ಟವನಷ್ಟೇ ಅಪರಾಧಿ ಎಂದು ಬರೆಯಿರಿ. ಸಮನ್ಸು ಕೊಟ್ಟರೆ ಎದ್ದು ಬಂದು ನಮ್ಮ ಶಿರಸಿಯ ಕೋರ್ಟಿನಲ್ಲಿ ನಿಲ್ಲಬೇಕಾದ ಒಬ್ಬ ಮನುಷ್ಯನ ಹೆಸರು, ವಿಳಾಸವನ್ನು ಪ್ರತಿಯೊಂದು ಜಾಲತಾಣದಿಂದಲೂ ಬರೆಸಿಕೊಂಡು ಊರಿಗೆಲ್ಲ ತಿಳಿಯುವಂತೆ ಪ್ರಕಟಿಸಿ. ಬರುವ ಶುಕ್ರವಾರ ಮತ್ತೆ ಕಾಯಿ ಹಿಡಿದು ನಿಲ್ಲುವವಳಿದ್ದೇನೆ. ಅಷ್ಟರೊಳಗೆ ತಾವು ಬೇರೊಂದು ಹೆಸರು ಕೊಡದಿದ್ದರೆ ನನ್ನ ಬಾಯಲ್ಲಿರುವುದು ತಮ್ಮ ಹುದ್ದೆಯ ಹೆಸರೊಂದೇ.

ಇಂತಿ,
ಲಕ್ಷ ಜನ ನೋಡಿದ ಕಳ್ಳನ ಒಬ್ಬಳೇ ಅಕ್ಕ,
ಪರಿಮಳಾ ಹೆಗಡೆ
ವಾನಳ್ಳಿ, ಶಿರಸಿ ತಾಲೂಕು