ಪಕ್ಕದ ಸೀಟಿನ ವಿಮೆ

ಮಾರ್ಚ್ 4, ಬೆಳಗ್ಗೆ

ಇವತ್ತು ಮೂರು ಮನೆ. ಮೊದಲು ಭುಜ, ಆಮೇಲೆ ಸೊಂಟ, ಕೊನೆಗೆ ಕಂಡಕ್ಟರಮ್ಮನ ಮಂಡಿ. ಫಿಸಿಯೋಥೆರಪಿಸ್ಟ್‌ಗೆ ಜನ ಹೀಗೇ ಬಿಡಿಭಾಗಗಳಾಗಿ ನೆನಪಿರುತ್ತಾರೆ.

ಕಾರು ತೆಗೆಯುವಾಗ ಇನ್ಶೂರೆನ್ಸ್ ಏಜೆಂಟನ ಫೋನ್. ತಿಂಗಳ ಕೊನೆಗೆ ಪಾಲಿಸಿ ಮುಗಿಯುತ್ತದಂತೆ.

"ಸಾರ್ ಇಲ್ವಾ ಮೇಡಂ? ವರ್ಷಾ ವರ್ಷಾ ಅವರೇ ಮಾತಾಡ್ತಿದ್ರು."

ಇಲ್ಲ ಎಂದೆ. ಎಷ್ಟು ಹೊತ್ತಿಗೆ ಸಿಗ್ತಾರೆ ಎಂದ. ತೀರಿಕೊಂಡರು ಎಂದು ಹೇಳಬೇಕಾಯಿತು. ಇನ್ನೂ ಯಾರ್ಯಾರಿಗೆ ಹೇಳುವುದು ಬಾಕಿ ಇದೆಯೋ...

ಮಾರ್ಚ್ 7

ಏಜೆಂಟ್ ಮತ್ತೆ. ದನಿ ಮೆತ್ತಗಾಗಿದೆ. ಪಾಲಿಸಿಯ ಜೊತೆಗಿನ ಎಕ್ಸ್‌ಟ್ರಾಗಳೆಲ್ಲ ನಮ್ಮಿಷ್ಟವಂತೆ. ಬಂಪರ್ ಟು ಬಂಪರ್, ಅಂದರೆ ರಿಪೇರಿಯ ಪೂರ್ತಿ ಖರ್ಚು — ಕಾರಿಗೆ ವಯಸ್ಸಾಯಿತು, ಕೊಡುವುದಿಲ್ಲ. ಎಂಜಿನ್‌ಗೆ ನೀರು ನುಗ್ಗಿದರೆ — ನಮ್ಮ ಬೀದಿ ದಿಬ್ಬದ ಮೇಲಿದೆ. ಬೇಡ. ಕೀ ಕಳೆದರೆ — ಇವರ ಕೀ ಕೂಡ ನನ್ನ ಹತ್ತಿರವೇ ಇದೆ. ಬೇಡ. ದಾರಿಯಲ್ಲಿ ಕೆಟ್ಟು ನಿಂತರೆ ಬಂದು ಎಳೆದೊಯ್ಯುವುದು — ಯಾರನ್ನಾದರೂ ಕರೆದರಾಯಿತು. ಬೇಡ.

"ಪ್ರಯಾಣಿಕರದ್ದು ಮಾತ್ರ ಹಾಕ್ಸಿ ಮೇಡಂ. ಪಕ್ಕದ ಸೀಟಲ್ಲಿ ಯಾರು ಕೂರ್ತಾರೆ?"

ನನ್ನ ಬ್ಯಾಗ್. ನೀರಿನ ಬಾಟಲಿ.

"ಯೋಚಿಸಿ ಹೇಳ್ತೀನಿ" ಎಂದೆ.

ಮಾರ್ಚ್ 8, ಭಾನುವಾರ

ಸಂಜೆ ತರಕಾರಿಯವನನ್ನು ಚಿಲ್ಲರೆ ಕೇಳಹೋದರೆ ದನಿಯೇ ಹೊರಡಲಿಲ್ಲ. ದಿನದ ಮೊದಲ ಮಾತು.

ಮಾರ್ಚ್ 19

ಕಾರು ಕೈಕೊಟ್ಟಿತು. ಸೇತುವೆ ಇಳಿಯುವಲ್ಲೇ. ಹಿಂದೆ ಬರೀ ಹಾರ್ನ್.

ಯಾರನ್ನಾದರೂ ಕರೆದರಾಯಿತು ಎಂದಿದ್ದೆನಲ್ಲ. ಫೋನ್ ಹಿಡಿದು ಕೂತೆ. ಅಣ್ಣ ಬೇರೆ ಊರಲ್ಲಿ. "ಮಾರಿಬಿಡು ಅಂತ ಆಗ್ಲೇ ಬಡ್ಕೊಂಡೆ" ಅನ್ನುತ್ತಾನೆ. ಇವರ ಗೆಳೆಯರು... ಇವರ ಗೆಳೆಯರೇ ಆಗಿದ್ದರು, ನನ್ನವರಲ್ಲ. ಪಕ್ಕದ ಮನೆಯವರ ನಂಬರೇ ಇಲ್ಲ. ಕೊನೆಗೆ ಕಂಡಕ್ಟರಮ್ಮನಿಗೆ ಮಾಡಿದೆ — ಸಹಾಯಕ್ಕಲ್ಲ, ಇವತ್ತು ಬರಲಾಗದು ಎನ್ನಲು.

"ಎಲ್ಲಿದೀರಿ?"

"ಸೇತುವೆ ಹತ್ರ. ಏನಿಲ್ಲ, ಮೆಕ್ಯಾನಿಕ್ ಬರ್ತಿದಾನೆ." ಸುಳ್ಳು. ಯಾರಿಗೂ ಹೇಳಿರಲಿಲ್ಲ.

ಸ್ವಲ್ಪ ಹೊತ್ತಿಗೆ ಒಂದು ಆಟೋ ನಿಂತಿತು. ಮೊದಲು ಕೋಲು ಇಳಿಯಿತು, ಆಮೇಲೆ ಆಪರೇಷನ್ ಆದ ಕಾಲು — ನಾನು ಹೇಳಿಕೊಟ್ಟ ಹಾಗೇ.

"ಈ ಮಂಡಿ ಕಟ್ಕೊಂಡು ಯಾಕೆ ಬಂದ್ರಿ?" ಬೈದೆ.

"ಕೆಟ್ಟು ನಿಂತ ಬಸ್ಸಲ್ಲಿ ಅರ್ಧ ಆಯಸ್ಸು ಕಳ್ದೋಳು ನಾನು, ಡಾಕ್ಟ್ರಮ್ಮ. ಒಬ್ಬರೇ ಕೂತ್ರೆ ಹೊತ್ತೇ ಹೋಗಲ್ಲ. ಆ ಬ್ಯಾಗ್ ಹಿಂದಕ್ಕೆ ಹಾಕಿ."

ಕೂತರು. ಡಿಪೋದ ಹಳೇ ಮೆಕ್ಯಾನಿಕ್‌ಗೆ ಫೋನ್ ಹಚ್ಚಿದರು. ಅವನು ಬರುವ ತನಕ ಹಾರ್ನ್ ಹೊಡೆದವರಿಗೆಲ್ಲ ಕಿಟಕಿಯಿಂದ ಕೈಚಾಚಿ, "ಹೋಗ್ರೀ ಹೋಗ್ರೀ, ಲಾರಿ ಹೋಗೋವಷ್ಟು ಜಾಗ ಇದೆ!" ನಕ್ಕೆ. ನಗುತ್ತಲೇ ಅಳು ಬಂತು. ಅವರು ಕಾಣದವರಂತೆ ಹೊರಗೆ ನೋಡುತ್ತಿದ್ದರು.

"ನಮ್ಮನೆಯವ್ರು ಹೋದಾಗ" ಎಂದರು ಆಮೇಲೆ, "ಡಬಲ್ ಡ್ಯೂಟಿ ಕೇಳಿ ಹಾಕಿಸ್ಕೊಳ್ತಿದ್ದೆ. ಮನೆ ಬೀಗ ತೆಗೆಯೋದೇ ಬೇಡ ಅನ್ಸೋದು."

ಮಾರ್ಚ್ 26

ಏಜೆಂಟನಿಗೆ ನಾನೇ ಫೋನ್ ಮಾಡಿದೆ. ಎಳೆದೊಯ್ಯುವುದು — ಹಾಕಿ. ಪ್ರಯಾಣಿಕರದ್ದೂ ಹಾಕಿ.

"ಹೆಸರು ಕೊಡಬೇಕಾ?"

"ಬೇಡ ಮೇಡಂ. ಯಾರು ಕೂತಿದ್ರೂ ಆಗುತ್ತೆ."

ಏಪ್ರಿಲ್ 2

ಕಂಡಕ್ಟರಮ್ಮ ಮೆಟ್ಟಿಲು ಹತ್ತಿ ಇಳಿದರು. ಕೋಲಿಲ್ಲದೆ. ಚಪ್ಪಾಳೆ ತಟ್ಟಿದೆ. ಇನ್ನು ನನ್ನ ಅಗತ್ಯವಿಲ್ಲ. ಅದನ್ನೂ ನಾನೇ ಹೇಳಬೇಕು, ಹೇಳಿದೆ. ನಮ್ಮ ಕಸುಬೇ ಹೀಗೆ — ಚೆನ್ನಾಗಿ ಮಾಡಿದಷ್ಟೂ ಬೇಗ ಆ ಮನೆಯ ಋಣ ತೀರುತ್ತದೆ.

"ಹಂಗಾದ್ರೆ ನಾಳೆಯಿಂದ ಬರಲ್ವಾ?"

"ಬರೋ ಕೆಲ್ಸ ಇಲ್ವಲ್ಲ."

ಗೇಟಿನವರೆಗೂ ನಡೆದು ಬಂದರು.

ಏಪ್ರಿಲ್ 12, ಭಾನುವಾರ ಸಂಜೆ

ಬೆಳಗ್ಗಿನಿಂದ ಅವರ ನಂಬರ್ ತೆಗೆಯುವುದು, ಮುಚ್ಚುವುದು. ಏನೆಂದು ಮಾತಾಡಲಿ? ಗುಣವಾದ ಮಂಡಿಯನ್ನು ಹೇಗಿದ್ದೀಯ ಎಂದು ಕೇಳಲೇ? ಕಾರಾದರೂ ಕೈಕೊಡಬಾರದೇ... ಹಾಳಾದ್ದು, ಕುದುರೆ ಹಾಗೆ ಓಡುತ್ತಿದೆ.

ಕೊನೆಗೆ ಮಾಡಿಬಿಟ್ಟೆ.

"ಏನು, ಮತ್ತೆ ಕೆಟ್ಟು ನಿಂತ್ರಾ?"

"ಇಲ್ಲ. ಏನೂ ಕೆಟ್ಟಿಲ್ಲ. ಸುಮ್ನೆ..."

ಅತ್ತ ಕುರ್ಚಿ ಸರಿಸಿದ ಸದ್ದು.

"ಸುಮ್ನೆ ಅಂತ ನನಗೆ ಯಾರೂ ಫೋನೇ ಮಾಡಲ್ಲ ಕಣ್ರೀ. ಬನ್ನಿ, ಗೇಟ್ ಹತ್ರ ನಿಂತಿರ್ತೀನಿ."

ಆಗಲೇ ನಿಂತಿರುತ್ತಾರೆ. ನಾನಿಲ್ಲಿ ಬರೆಯುತ್ತ ಕೂತರೆ—